ವಿಶೇಷದ ಕಾಲಂನಲ್ಲಿ ಒಂದು ಬಾತು

ಊರಿಗೆ ನೀರು ಬಿಡುವ ಪಂಪ್‌ಹೌಸಿನ ಆಪರೇಟರ್ ಅಳೆದು ತೂಗಿ ಮಾತಾಡುವ ಆಸಾಮಿ. ಗಂಟೆಗೊಮ್ಮೆ ಮೀಟರ್ ನೋಡುವುದು, ಅಂಕಿ ಬರೆಯುವುದು, ಕೊನೆಯ ಕಾಲಂನಲ್ಲಿ 'ವಿಶೇಷವಿಲ್ಲ' ಎನ್ನುವುದು. ಇಪ್ಪತ್ತಾರು ವರ್ಷಗಳಲ್ಲಿ ಅವರ ರಿಜಿಸ್ಟರಿನ ಒಂದೇ ಒಂದು ಸಾಲನ್ನೂ ಯಾರೂ ಹೊಡೆದುಹಾಕಿರಲಿಲ್ಲ. ಅವರ ದೊಡ್ಡಸ್ತಿಕೆಯೆಲ್ಲ ಅದೇ, ನಗುವವರು ನಗಲಿ.

ಒಂದು ಬೆಳಿಗ್ಗೆ ಏಳರ ಮೀಟರ್ ನೋಡಿ ತಿರುಗಿದರೆ, ತೊಟ್ಟಿಯಲ್ಲಿ ಇಟ್ಟಿಗೆಗೆಂಪು ಎದೆಯ ಪುಟ್ಟ ಬಾತೊಂದು ತನ್ನಪ್ಪನ ಮನೆಯೆಂಬಂತೆ ತೇಲುತ್ತಿತ್ತು. ಅಂಥದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದು ಕಟ್ಟೆ ಹತ್ತಿತು. ಕಾಲಿನಲ್ಲೊಂದು ಬಳೆ, ಬಳೆಯ ಮೇಲೆ ಅಂಕಿ! ಅಂಕಿ ಕಂಡ ಮೇಲೆ ಸುಮ್ಮನಿರುವ ಜೀವವೇ ಇವರದು? ವಿಶೇಷದ ಕಾಲಂನಲ್ಲಿ ಬರೆದೇಬಿಟ್ಟರು: 'ಕೆಂಪೆದೆಯ ಬಾತು ಒಂದು. ಎಡಗಾಲಿನ ಬಳೆ 4719. ಏಳೂ ಹತ್ತಕ್ಕೆ ಹಾರಿಹೋಯಿತು.'

ಕೂಡಲೇ ಮನೆಗೆ ಫೋನ್ ಮಾಡಿ, "ವಿಶೇಷ ಇದೆ ಕಣೇ!" ಎಂದರು. ಫೋನ್ ಎತ್ತಿದ್ದು ಹೆಂಡತಿಯಲ್ಲ, ಎಂಬತ್ತರ ಅಮ್ಮ.

"ಈ ವಯಸ್ಸಲ್ಲಾ? ನನಗೊಂದು ಮಾತೂ ಹೇಳಲಿಲ್ವಲ್ಲೋ ಅವಳು!"

ಐವತ್ತು ದಾಟಿದ ಸೊಸೆಗೆ ಅಮ್ಮ ಅಂದು ಮಧ್ಯಾಹ್ನದವರೆಗೂ ಭಾರದ ಪಾತ್ರೆ ಎತ್ತಲು ಬಿಡಲಿಲ್ಲ.

ರಿಜಿಸ್ಟರ್ ತಪಾಸಣೆಗೆ ಬಂದ ಮೇಲಧಿಕಾರಿ ಇಂಜಿನಿಯರ್ ಮಾತ್ರ ನಗಲಿಲ್ಲ. "ಏನ್ರೀ ಇದು, ಬಾತಿಗೆ ಬಳೆ ತೊಡಿಸಿದ್ದೀರಾ? ಹೊಡೆದುಹಾಕಿ."

"ಕಂಡದ್ದನ್ನೇ ಬರೆದಿದ್ದೀನಿ ಸಾರ್. ಹೊಡೆಯೋಕಾಗಲ್ಲ."

"ಹಾಗಾದ್ರೆ ಸಾಕ್ಷಿ ತನ್ನಿ, ಹದಿನೈದು ದಿನ ಟೈಮು. ಆಮೇಲೆ ನಾನೇ ಹೊಡೀತೀನಿ, ಕೆಂಪು ಇಂಕಲ್ಲಿ."

ಆಪರೇಟರಿಗೆ ಊಟ ಸೇರಲಿಲ್ಲ. ಗಂಡನ ಮುಖ ನೋಡಲಾರದೆ ಹೆಂಡತಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ತನ್ನ ತಂಗಿಗೆ ಆ ಅಂಕಿ ಕಳಿಸಿದಳು. ತಂಗಿ ಹಕ್ಕಿಗಳಿಗೆ ಬಳೆ ತೊಡಿಸುವ ತಜ್ಞರನ್ನು ಹುಡುಕಿ ಕಾಗದ ಬರೆದಳು. ಹದಿಮೂರನೇ ದಿನ ಉತ್ತರ ಬಂತು: 4719 ಕೆಂಪೆದೆಯ ಹೆಣ್ಣು ಬಾತು, ದೂರದ ಹಿಮದ ಸೀಮೆಯಲ್ಲಿ ಅದರ ಎಡಗಾಲಿಗೆ ಬಳೆ ತೊಡಿಸಿದ್ದೂ ನಿಜ, ನಿಮ್ಮ ಕಡೆ ಈ ಜಾತಿಯನ್ನು ಇದುವರೆಗೆ ಯಾರೂ ಕಂಡಿಲ್ಲ.

ಇಂಜಿನಿಯರ್ ಅದನ್ನು ಎರಡು ಸಲ ಓದಿ ಜೇಬಿನಿಂದ ಪೆನ್ನು ತೆಗೆದರು. ಕೆಂಪು ಇಂಕು! ಆದರೆ ಪೆನ್ನು ಸಾಲಿನ ಮೇಲೆ ಹರಿಯಲಿಲ್ಲ. ಅದರ ಕೆಳಗೆ 'ಸರಿಯಿದೆ' ಎಂದು ಬರೆದು ಸಹಿ ಹಾಕಿತು.

"ಇನ್ನೊಂದು ಸಲ ಬಂದ್ರೆ ನನ್ನನ್ನೂ ಕರೀರಿ," ಎಂದರು ಇಂಜಿನಿಯರ್.

ಆಪರೇಟರಿಗೆ ಸ್ವರ್ಗ ಮೂರೇ ಗೇಣು. ಸಂಜೆ ಮನೆಯೊಳಗೆ ಕಾಲಿಡುತ್ತಲೇ ಹೆಂಡತಿ ಕೇಳಿದಳು, "ಏನ್ರೀ ವಿಶೇಷ?"

ಬಾಯಿ ತೆರೆದವರು ಪಕ್ಕದಲ್ಲೇ ಕಿವಿ ನಿಮಿರಿಸಿ ಕೂತಿದ್ದ ಅಮ್ಮನನ್ನು ಕಂಡು ದನಿ ತಗ್ಗಿಸಿದರು.

"ಹೊರಗೆ ಬಾ, ಹೇಳ್ತೀನಿ."