ನಮ್ಮೋರೇ ಬಿಡಿ

ಕಾಜಾ ಅಕ್ಕನ ಬಾಗಿಲನ್ನು ಯಾರಾದರೂ ತಟ್ಟಿ ಎಷ್ಟು ಕಾಲವಾಗಿತ್ತೆಂದರೆ, ಆ ಸಂಜೆ ಟಕಟಕ ಎಂದಾಗ ಅವಳು ಮೊದಲು ಅನುಮಾನಪಟ್ಟಿದ್ದು ತನ್ನ ಹೊಲಿಗೆ ಯಂತ್ರವನ್ನು. ಕಾಲು ತೆಗೆದು ಯಂತ್ರ ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ.

ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದರ ಅಂಚಿಗೆ ಬಿಗಿಯಾಗಿ ದಾರ ಹಾಕಿ ಹೊಲಿಯುವುದಕ್ಕೆ ಕಾಜಾ ಎನ್ನುತ್ತಾರೆ. ಊರಿನ ಅರ್ಧ ದರ್ಜಿಗಳ ಅಂಗಿ ಅದಕ್ಕಾಗಿ ಅವಳ ಮನೆಗೇ ಬರುತ್ತಿತ್ತು. ಕಾಜಾ ಅಕ್ಕನದು, ಗುಂಡಿ ತಂಗಿಯದು. ಒಂದೇ ಕೋಣೆಯಲ್ಲಿ ಎದುರುಬದುರು ಕೂತು, ಮದುವೆಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ಊರವರ ಎದೆಯನ್ನೆಲ್ಲ ಮುಚ್ಚಿ ಕಳಿಸುತ್ತಿದ್ದರು. ಬಾಯಿ ತೆರೆದರೆ “ಅಕ್ಕಾ” ಎನ್ನುತ್ತಿದ್ದವಳು ತಂಗಿ. ಅದನ್ನು ಕೇಳಿ ಕೇಳಿ ದರ್ಜಿಗಳೂ ಅಕ್ಕ ಎಂದರು, ಬೀದಿಯೂ ಅಕ್ಕ ಎಂದಿತು, ಅವಳಿಗಿಂತ ಹಿರಿಯರೂ ನಾಚಿಕೆ ಇಲ್ಲದೆ ಅಕ್ಕ ಎಂದರು. ಎರಡು ವರ್ಷದ ಹಿಂದೆ ತಂಗಿ ಎದೆನೋವೆಂದು ಮಲಗಿದವಳು ಏಳಲಿಲ್ಲ. ಆ ಕರೆ ಊರವರ ಬಾಯಲ್ಲಿ ಉಳಿಯಿತು, ಹಕ್ಕಿನಿಂದ ಕರೆಯುವವಳು ಉಳಿಯಲಿಲ್ಲ.

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಮಂಡಿನೋವಿಗೆ ಅಕ್ಕತಂಗಿಯರು ಒಂದು ಉಪಾಯ ಕಂಡುಕೊಂಡಿದ್ದರು. ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುವುದು. ದರ್ಜಿಯ ಕಡೆಯವರು ಕೆಳಗಿನಿಂದ ಕೂಗಿ ಅಂಗಿಗಳನ್ನು ಚೀಲಕ್ಕೆ ತುರುಕುತ್ತಿದ್ದರು, ಇವರು ಸೇದಿಕೊಳ್ಳುತ್ತಿದ್ದರು. ಇಬ್ಬರಿದ್ದಾಗ ಅದು ಸುಖ. ಒಬ್ಬಳಾದ ಮೇಲೆ ಆ ಹಗ್ಗವೇ ಶತ್ರುವಾಯಿತು. ಹಾಲು, ತರಕಾರಿ, ಅಂಗಿ ಎಲ್ಲವೂ ಹಗ್ಗದಲ್ಲೇ ಬರುವಾಗ ಮನುಷ್ಯನೆಂಬವನು ಮೆಟ್ಟಿಲು ಯಾಕೆ ಹತ್ತುತ್ತಾನೆ? ಹಗ್ಗ ತೆಗೆದುಬಿಡೋಣ ಎಂದರೆ ಮಂಡಿ ಒಪ್ಪುತ್ತಿರಲಿಲ್ಲ.

ಅಂಥ ಬಾಗಿಲಲ್ಲಿ ಆ ಸಂಜೆ ಏದುಸಿರು ಬಿಡುತ್ತಾ ನಿಂತಿದ್ದವನು ಒಬ್ಬ ನಿವೃತ್ತ ಬಸ್ ಕಂಡಕ್ಟರ್, ವಿರೋಧ ಪಕ್ಷದ ಕಾರ್ಯಕರ್ತ. ಅವನ ಪಕ್ಷ ಆ ಕ್ಷೇತ್ರದಲ್ಲಿ ಸೋತು ಸೋತು, ಸೋಲುವುದರಲ್ಲಿ ಪಳಗಿತ್ತು. ಆಳುವ ಪಕ್ಷದವರು ವ್ಯಾನಿನಲ್ಲಿ ಹಾಡು ಹಾಕಿಕೊಂಡು ಬೀದಿಯಲ್ಲಿ ಒಂದು ಸುತ್ತು ಹೋದರೆ ಮುಗಿಯಿತು, ಮೆಟ್ಟಿಲು ಹತ್ತುವ ಕರ್ಮ ಅವರಿಗಿರಲಿಲ್ಲ.

“ನಮಸ್ಕಾರ ಅಕ್ಕಾ. ವೋಟಿನ ವಿಚಾರ ಮಾತಾಡೋಣ ಅಂತ ಬಂದೆ. ಈ ಬೀದಿಗೆ ಬರ್ತಿದ್ದ ಬಸ್ಸು ನಿಲ್ಸಿದ್ರು. ಆಸ್ಪತ್ರೆಗೆ ಬೀಗ ಹಾಕಿದ್ರು. ನಿಮ್ಮ ಮನೆಗೆ ನೀರು ಹತ್ತುತ್ತಾ, ನೀವೇ ಹೇಳಿ. ಇಷ್ಟು ವರ್ಷ ಅವರಿಗೇ ಕೊಟ್ಟಿದ್ದಾಯ್ತು. ಒಂದೇ ಒಂದು ಸಲ ನಮಗೂ ಕೊಟ್ಟು ನೋಡಿ.”

ಇಲ್ಲೊಂದು ಗುಟ್ಟು ಹೇಳಿಬಿಡಬೇಕು. ಕಾಜಾ ಅಕ್ಕ ವೋಟು ಹಾಕುವ ವಯಸ್ಸಿಗೆ ಬಂದಾಗಿನಿಂದ ಹಾಕುತ್ತಿದ್ದದ್ದು ಇವರಿಗೇ. ಪ್ರತಿ ಸಲ ಸೋತಾಗಲೂ ಅಕ್ಕತಂಗಿಯರು ಊರವರನ್ನೆಲ್ಲ ಬೈದುಕೊಂಡು ಬೇಗ ಮಲಗುತ್ತಿದ್ದರು. “ನಿಮಗೇ ಹಾಕ್ತೀನಿ ಹೋಗಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಂದ ಕೂಡಲೇ ಅವನು ಹೋಗೇಬಿಡುತ್ತಾನೆ ಎಂಬುದು ಅವಳಿಗೆ ಹೊಳೆಯಿತು.

“ನಾನಿನ್ನೂ ತೀರ್ಮಾನ ಮಾಡಿಲ್ಲ” ಎಂದಳು. “ಒಳಗೆ ಬನ್ನಿ.”

ಕಂಡಕ್ಟರ್ ತಂಗಿಯ ಕುರ್ಚಿಯಲ್ಲಿ ಕೂತ. ಎರಡು ವರ್ಷದಿಂದ ಅದರ ಮೇಲೆ ಅಂಗಿಗಳು ಕೂತಿದ್ದವು, ಅವನ್ನೆತ್ತಿ ನೆಲಕ್ಕಿಟ್ಟಳು. ಅವನು ನೀರಿನ ಕಥೆ ಹೇಳಿದ, ಬಸ್ಸಿನ ಕಥೆ ಹೇಳಿದ. ನಿಲ್ಲಿಸಿದ ಆ ಬಸ್ಸಿನಲ್ಲೇ ಅವನು ಜೀವಮಾನವೆಲ್ಲ ಟಿಕೆಟ್ ಹರಿದಿದ್ದನಂತೆ. “ಬಸ್ಸಿಲ್ಲದ ಬೀದಿಗೆ ನೆಂಟ್ರೂ ಬರಲ್ಲ ಅಕ್ಕಾ” ಎಂದ. ಅಕ್ಕನಿಗೆ ಆ ಮಾತು ನಾಟಿತು, ಆದರೂ ಮುಖ ಬಿಗಿಹಿಡಿದು, “ಹೇಳೋದೇನೋ ಎಲ್ಲರೂ ಚೆನ್ನಾಗೇ ಹೇಳ್ತಾರೆ. ಮಾಡೋರ್ಯಾರು?” ಎಂದಳು. “ಯೋಚನೆ ಮಾಡಿ, ನಾಳೆ ಮತ್ತೆ ಬರ್ತೀನಿ” ಎಂದು ಅವನು ಎದ್ದ.

ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಅಂದಿನಿಂದ, ನೆಂಟರು ಬರುತ್ತಾರೆಂದು ತಿಂಡಿ ಮಾಡಿಡುವವರ ಹಾಗೆ, ಅಕ್ಕ ಅನುಮಾನಗಳನ್ನು ಮಾಡಿಡತೊಡಗಿದಳು. ಆಳುವ ಪಕ್ಷದ ಕರಪತ್ರವೊಂದನ್ನು ಹಗ್ಗದ ಚೀಲದಲ್ಲಿ ತರಿಸಿಕೊಂಡು, ಕಾಜಾ ಹಾಕುತ್ತಲೇ ಬಾಯಿಪಾಠ ಮಾಡಿದಳು. ಅವರು ರಸ್ತೆ ಹಾಕಿಸಿದ್ದಾರಲ್ಲ ಎಂದು ಒಂದು ಸಂಜೆ. ನಿಮ್ಮ ಅಭ್ಯರ್ಥಿಗೆ ಸಿಟ್ಟು ಜಾಸ್ತಿಯಂತೆ ಎಂದು ಇನ್ನೊಂದು ಸಂಜೆ. ಅವನು ಪಾಪ, ಒಂದೊಂದಕ್ಕೂ ಬೆವರು ಸುರಿಸಿ ಉತ್ತರ ಕೊಡುತ್ತಿದ್ದ. ಇನ್ನೇನು ಒಪ್ಪಿದಳು ಎನ್ನುವಾಗ ಇವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೊಂದು ಅಂದುಬಿಡುತ್ತಿದ್ದಳು. ಮಾತು ಪಕ್ಷ ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತಿತ್ತು. ಟಿಕೆಟ್ ತೆಗೆಯದೆ ನಿದ್ದೆ ನಟಿಸುವವರ ಕಥೆ ಕೇಳಿ ಅವಳು ಸೂಜಿ ಕೆಳಗಿಟ್ಟು ನಕ್ಕಳು. ತನ್ನ ನಗು ಆ ಕೋಣೆಯಲ್ಲಿ ತನಗೇ ಹೊಸದಾಗಿ ಕೇಳಿತು.

“ಒಂದು ವೋಟಿಗೆ ಇಷ್ಟು ಮೆಟ್ಟಿಲು ಹತ್ತುತ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ವಾ ಕಂಡಕ್ಟ್ರೇ?”

“ಅನುಮಾನ ಇರೋರ ಮನೆಗೆ ನಾವೇ ಹೋಗ್ಬೇಕು ಅಕ್ಕಾ. ಅವರೇ ಬರ್ಲಿ ಅಂತ ಕೂತ್ರೆ ಕೂತೇ ಇರ್ಬೇಕಾಗುತ್ತೆ.”

ಹೊರಡುವಾಗ ಯಾವಾಗಲೂ ಒಂದೇ ಮಾತು. “ಹೊತ್ತಾಯ್ತು, ಮನೇಲಿ ಕಾಯ್ತಿರ್ತಾರೆ.” ಹಳೆಯ ಡಿಪೋದ ಹಿಂದೆ ಹಸಿರು ಬಾಗಿಲಿನ ಮನೆ ತನ್ನದೆಂದು ಹೇಳಿದ್ದ. ಆ ಬಾಗಿಲ ಹಿಂದೆ ಅಕ್ಕ ಒಂದು ತುಂಬಿದ ಸಂಸಾರವನ್ನು ಕಲ್ಪಿಸಿಕೊಂಡು, ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟಳು. ಒಂದು ಸಂಜೆ ಅವನ ಬಿಳಿ ಅಂಗಿಯ ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅವಳ ಕೈ ತುರಿಸಿತು. “ಬಿಚ್ಕೊಡಿ, ಹಾಕಿಕೊಡ್ತೀನಿ” ಎಂದಳು. “ಇವತ್ತು ಬೇಡ, ನಾಳೆ ಬಂದಾಗ. ನಾಳೆ ಹೇಗೂ ಬರ್ತೀನಲ್ಲ” ಎಂದ. ಅದೇ ಅಳತೆಯ ಗುಂಡಿಯೊಂದನ್ನು ಹುಡುಕಿ ಅವಳು ಡಬ್ಬಿಯ ಮುಚ್ಚಳದಲ್ಲಿ ಬೇರೆ ಇಟ್ಟಳು.

ಮಾರನೆಯ ಸಂಜೆ ಅವನು ಬಂದದ್ದು ಬಾಡಿದ ಮುಖ ಹೊತ್ತು. ಕೆಮ್ಮು ಬೇರೆ. ಕರಪತ್ರದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಅದನ್ನು ಬಿಚ್ಚದೆ ಕೂತ.

“ಈ ಸಲಾನೂ ಸೋಲ್ತೀವಿ ಅಕ್ಕಾ. ನನಗೆ ಗೊತ್ತಾಗ್ತಿದೆ. ನಿಮ್ಮಂಥ ಒಬ್ಬರನ್ನ ಒಪ್ಸೋಕೆ ನನ್ನ ಕೈಲಿ ಆಗ್ಲಿಲ್ಲ ಅಂದ್ಮೇಲೆ, ಊರನ್ನೇನು ಒಪ್ಸೋದು?”

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಮನುಷ್ಯ ತನ್ನಿಂದಾಗಿ ಕುಗ್ಗಿ ಕೂತಿರುವುದನ್ನು ಹೇಗೆ ನೋಡುವುದು?

“ಅಯ್ಯೋ, ನನ್ನ ವೋಟು ಯಾವತ್ತಿದ್ರೂ ನಿಮಗೇ ಕಂಡಕ್ಟ್ರೇ. ಮೊದಲಿಂದ್ಲೂ ನಿಮಗೇ.”

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಎದ್ದು ನಿಂತ. ಕೆಮ್ಮು ಮಾಯ. “ಹಾಗಾದ್ರೆ ನೀವು ನಮ್ಮೋರೇ ಬಿಡಿ!” ಎಂದ. ಆ ಸಂತೋಷದಲ್ಲಿ ಗುಂಡಿಯನ್ನೂ ಮರೆತು ದಡದಡ ಇಳಿದುಹೋದ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಸಂಜೆ ಮೆಟ್ಟಿಲ ಮೇಲೆ ಅದೇ ಹೆಜ್ಜೆ ಕೇಳಿತು. ಅಕ್ಕ ಕುರ್ಚಿಯ ಅಂಗಿಗಳನ್ನೆತ್ತಿ, ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದೆ ನಿಂತಳು. ಅವನು ತಟ್ಟಿದ್ದು ಎದುರು ಮನೆಯ ಬಾಗಿಲು. ಅಲ್ಲಿರುವವನು ಬೀಗ ರಿಪೇರಿಯವನು, ಯಾರಿಗೂ ಮುಖ ಕೊಟ್ಟು ಮಾತಾಡದವನು. “ಇನ್ನೂ ತೀರ್ಮಾನ ಮಾಡಿಲ್ಲ ಕಣ್ರೀ” ಎಂದು ಬೀಗದವನು ಗೊಣಗಿದ್ದು ಕೇಳಿಸಿತು. ಆಮೇಲೆ ಬಸ್ಸಿನ ಕಥೆ. ಆಮೇಲೆ ನಿದ್ದೆ ನಟಿಸುವವರ ಕಥೆ. ಬೀಗದವನು ನಗಲಿಲ್ಲ. ಬಾಗಿಲ ಈಚೆ ನಿಂತವಳಿಗೆ ಅಳು ಬಂತು. ‘ನಮ್ಮೋರು’ ಅನ್ನಿಸಿಕೊಂಡವರ ಮನೆಗೆ ಯಾರೂ ಬರುವುದಿಲ್ಲ ಎಂಬ ಈ ನ್ಯಾಯ ಯಾವ ಸೀಮೆಯದು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ತಾನೇ ಹೇಳಿಕೊಂಡು, ಹೋಗಿ ಯಂತ್ರದ ಮುಂದೆ ಕೂತಳು.

ವೋಟಿನ ದಿನ ಮಂಡಿ ಹಿಡಿದುಕೊಂಡು ಶಾಲೆಗೆ ಹೋದಳು. ಗೇಟಿನಾಚೆ ಎರಡೂ ಪಕ್ಷದವರು ಮೇಜು ಹಾಕಿ ಕೂತಿದ್ದರು. ಕಂಡಕ್ಟರ್ ಅವಳನ್ನು ಕಂಡು ದೂರದಿಂದಲೇ ಕೈಯೆತ್ತಿದ. “ಅಕ್ಕ ನಮ್ಮೋರು, ಅವರಿಗೇನೂ ಹೇಳೋದು ಬೇಡ” ಎಂದು ಪಕ್ಕದವನಿಗೆ ಹೇಳಿ, ಇನ್ಯಾರನ್ನೋ ಹಿಡಿದುಕೊಂಡ.

ಪರದೆಯ ಹಿಂದೆ ನಿಂತಾಗ ಅವಳ ಕೈ ಮುಂದೆ ಹೋಗಲಿಲ್ಲ. ಅಷ್ಟು ದಿನ ಬಾಯಿಮಾತಿಗೆ ಹೇಳಿದ ಸುಳ್ಳು ಅಲ್ಲಿ ನಿಜವಾಯಿತು: ಅವಳು ತೀರ್ಮಾನ ಮಾಡಿರಲಿಲ್ಲ. “ಆಯ್ತೇನಮ್ಮಾ?” ಎಂದು ಅಧಿಕಾರಿ ಕೇಳಿದ. ತಂಗಿ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ನೆನೆಸಿಕೊಂಡು, ಎಂದಿನ ಗುರುತಿಗೇ ಹಾಕಿ ಹೊರಗೆ ಬಂದಳು.

ನಾಲ್ಕು ಮಾತು ಅಂದೇ ಹೋಗಬೇಕೆಂದು ಸೀದಾ ಮೇಜಿನ ಹತ್ತಿರ ನಡೆದಳು. ಅಷ್ಟರಲ್ಲಿ ಅವಳ ಕಣ್ಣು ಅವನ ತೋಳಿಗೆ ಬಿತ್ತು. ಗುಂಡಿ ಹಾಕಿತ್ತು. ಬಿಳಿ ಅಂಗಿಗೆ ಕಪ್ಪು ದಾರ, ಗಂಟು ಹೊರಗಡೆ, ಕಟ್ಟಿಗೆಯ ಹೊರೆ ಬಿಗಿದ ಹಾಗೆ ಸುತ್ತಿದ ದಾರ. ಸೂಜಿ ಹಿಡಿದು ಗೊತ್ತಿಲ್ಲದವನು, ಅಂಗಿ ತೊಟ್ಟುಕೊಂಡೇ, ಬಲಗೈಯೊಂದರಲ್ಲಿ, ತನಗೆ ತಾನೇ ಹಾಕಿಕೊಂಡ ಗುಂಡಿ ಅದು. ಮನೆಯಲ್ಲಿ ಇನ್ನೊಬ್ಬರಿದ್ದ ಯಾವ ಗಂಡಸೂ ಅಂಥ ಗುಂಡಿ ಹಾಕಿಕೊಂಡು ಹೊರಗೆ ಬರುವುದಿಲ್ಲ.

“ಮನೇಲಿ ಕಾಯ್ತಿರ್ತಾರೆ ಅಂತಿದ್ರಲ್ಲ” ಎಂದಳು. “ಅವರಿಗೆ ಗುಂಡಿ ಹಾಕೋಕೆ ಬರಲ್ವಾ?”

ಕಂಡಕ್ಟರ್ ತೋಳನ್ನು ಮೇಜಿನ ಕೆಳಗೆ ಸರಿಸಿದ. “ಹಾಗಂದ್ರೆ ಹೊರಡೋಕೆ ಸುಲಭ ಅಕ್ಕಾ” ಎಂದ, ಮೆಲ್ಲಗೆ. “ಇಲ್ದಿದ್ರೆ ಏಳೋಕೆ ಮನಸ್ಸಾಗಲ್ಲ.”

“ಮತ್ತೆ ಯಾಕೆ ಬರ್ಲಿಲ್ಲ?”

“ನೀವು ನಮ್ಮೋರಾದ್ರಲ್ಲ. ಇನ್ನು ಯಾವ ನೆಪ ಹೇಳ್ಕೊಂಡು ಬರ್ಲಿ?”

ಯಾರೋ ಕೂಗಿದರು. ಅವನು ಎದ್ದುಹೋದ.

ಫಲಿತಾಂಶ ಬಂತು. ಅವರು ಸೋತರು, ಮೊದಲಿಗಿಂತ ಕಡಿಮೆ ಅಂತರದಲ್ಲಿ ಎಂಬುದೇ ಸಮಾಧಾನ. ಬೀದಿಯಲ್ಲಿ ಗೆದ್ದವರ ಪಟಾಕಿ. ಸೋತವರ ಮನೆಗೆ ಯಾರು ಹೋಗುತ್ತಾರೆ? ಅಕ್ಕ ಒಂದು ಸಂಜೆ ಕಾದಳು, ಎರಡು ಸಂಜೆ ಕಾದಳು. ಬೀಗದವನ ಬಾಗಿಲೂ ಈಗ ಸುಮ್ಮನಿತ್ತು. ಅವರೇ ಬರ್ಲಿ ಅಂತ ಕೂತ್ರೆ ಕೂತೇ ಇರ್ಬೇಕಾಗುತ್ತೆ ಎಂದವನು ತಾನೇ ಎಲ್ಲೋ ಕೂತುಬಿಟ್ಟಿದ್ದ.

ಮೂರನೆಯ ಸಂಜೆ ಅವಳು ಯಂತ್ರಕ್ಕೆ ಬಟ್ಟೆ ಮುಚ್ಚಿ, ಮುಚ್ಚಳದಲ್ಲಿದ್ದ ಗುಂಡಿ, ಬಿಳಿ ದಾರ, ಸೂಜಿ ಕಟ್ಟಿಕೊಂಡು ಮೆಟ್ಟಿಲಿಳಿದಳು. ಬಸ್ಸು ಹೇಗೂ ಇರಲಿಲ್ಲ. ಅಲ್ಲಲ್ಲಿ ನಿಂತು ಮಂಡಿ ಒತ್ತಿಕೊಳ್ಳುತ್ತಾ ಡಿಪೋ ದಾಟಿದಳು. ಹಸಿರು ಬಾಗಿಲಿನ ಒಳಗೆ ದೀಪವಿತ್ತು, ಕೆಮ್ಮು ಕೇಳುತ್ತಿತ್ತು. ತಟ್ಟಿದಳು.

“ಯಾರು?”

“ಪ್ರಚಾರಕ್ಕೆ ಬಂದಿದೀನಿ.”

ಒಳಗೆ ಕೆಮ್ಮು ನಿಂತಿತು. “ಚುನಾವಣೆ ಮುಗೀತಲ್ಲ ಅಕ್ಕಾ.”

“ಮುಗಿದಿದ್ದು ನಿಮ್ದು. ಬಾಗಿಲು ತೆಗೀರಿ.”

ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆಗಳು ಬಾಗಿಲ ತನಕ ಬಂದು ನಿಂತವು. ಅಗಳಿ ಸರಿಯಲಿಲ್ಲ. ಆಚೆಗಿದ್ದವನು ಇನ್ನೂ ತೀರ್ಮಾನ ಮಾಡಿರಲಿಲ್ಲ. ಅಕ್ಕ ಇನ್ನೊಂದು ಸಲ ತಟ್ಟಿದಳು.