ಕೆಳಗಿನ ಸಾಲಿನ ಅಜ್ಜಿ

ಕುಣಿಗಲ್ ಕಡೆಯ ಕುದುರೆ ಫಾರಂ ಒಂದರಲ್ಲಿ ಗುಮಾಸ್ತನಾಗಿ ಸೇರುವ ಮೊದಲು ನಾನು ಗುಬ್ಬಿ ತಾಲ್ಲೂಕು ಕಚೇರಿ ಎದುರು ಕೂತು ಜನರಿಗೆ ವಂಶವೃಕ್ಷ ಬರೆದುಕೊಡುತ್ತಿದ್ದೆ. ತಾತ, ಅಪ್ಪ, ಮಗ ಎಂದು ಸಾಲು ಹಿಡಿದು ಹೋದರೆ ಕೆಲಸ ಮುಗಿಯಿತು. ಅಜ್ಜಿಯ ಕಡೆಯವರು ಯಾರೆಂದು ಕೇಳುವ ಗೋಜೇ ಇರಲಿಲ್ಲ. ಹಾಗಾಗಿ ಕುದುರೆಗಳ ವಂಶಾವಳಿ ಕೈಗೆ ಬಂದಾಗ ಇದೇನು ಮಹಾ ಎಂದುಕೊಂಡೆ. ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಯಾವ ಮರಿ ಎಷ್ಟು ದೂರದ ರೇಸಿಗೆ ಆಗಿಬರುತ್ತದೆ ಎಂದು ಮಾರಾಟದ ಪಟ್ಟಿಯಲ್ಲಿ ಬರೆಯುವುದು ನನ್ನ ಕೆಲಸ. ಅದರಲ್ಲೊಂದು ಕಂದು ಬಣ್ಣದ ಹೆಣ್ಣುಮರಿ. ಅದರ ಅಪ್ಪನ ಮಕ್ಕಳೆಲ್ಲ ಆರಂಭಶೂರರು, ಸಾವಿರದಿನ್ನೂರು ಮೀಟರ್ ದಾಟಿದರೆ ಉಸ್ಸಪ್ಪ ಎನ್ನುವವರು. ‘ಕಡಿಮೆ ದೂರಕ್ಕೆ ಮಾತ್ರ’ ಎಂದು ಬರೆದುಬಿಟ್ಟೆ.

ಸುದ್ದಿ ತಿಳಿದು ಕೊತ್ತಗೆರೆಯ ಹಿರಿಯ ಸೈಸ್ ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಆ ಮರಿಗೂ ಅದರ ತಾಯಿಗೂ ಮೇವು ಹಾಕಿ ಮೈ ಉಜ್ಜುತ್ತಿದ್ದವರು ಅವರೇ. ತಾಯಿಯ ಹಿಂದಿನ ಎರಡು ಮರಿಗಳು ಗೆದ್ದಿರಲಿಲ್ಲ. ಇದೂ ಸೋತರೆ ಅವಳನ್ನು ಫಾರಂನಿಂದ ಕಳಿಸುವುದೆಂದು ಮ್ಯಾನೇಜರು ಹೇಳಿಯಾಗಿತ್ತು. ನನ್ನ ಬರಹ ನಂಬಿ ಕೊಂಡವರು ಕಡಿಮೆ ದೂರಕ್ಕೇ ಓಡಿಸಿ ಸೋಲಿಸುತ್ತಾರೆ ಎಂಬುದು ಅವರ ಭಯ.

“ಸಾರ್, ನಾವು ಹೆಣ್ ನೋಡಕ್ಕೋದ್ರೆ ಅವ್ರಜ್ಜಿ ಎಂಥವ್ಳು ಅಂತ ವಿಚಾರ್ಸಲ್ವಾ? ಕೆಳಗಿನ್ ಸಾಲ್ ಒಂದ್ಸಲ ನೋಡಿ,” ಅಂದರು.

ಅಕ್ಷರ ಬಾರದವರು ನನಗೆ ಓದಲು ಕಲಿಸುವುದೇ ಎಂದು ರೇಗಿ ಕಳಿಸಿದೆ. ಆದರೆ ಮಧ್ಯಾಹ್ನ ಬುತ್ತಿ ಪಕ್ಕಕ್ಕಿಟ್ಟು ಆ ಮರಿಯ ವಂಶಾವಳಿಯ ಹಾಳೆ ತೆಗೆದೆ. ಹಾಳೆಯ ಮೇಲಿನ ಸಾಲು ಅಪ್ಪಂದಿರದು, ಕೆಳಗಿನದು ಅಮ್ಮಂದಿರದು. ತಾಯಿ ಎರಡೇ ರೇಸ್ ಓಡಿ ಕಾಲು ನೋಯಿಸಿಕೊಂಡು ಓಟ ನಿಲ್ಲಿಸಿದ್ದಳು. ಅಜ್ಜಿ ಎರಡು ಸಾವಿರದ ನಾನೂರು ಮೀಟರ್ ಗೆದ್ದವಳು, ಅವಳ ತಂಗಿಯೂ ಅಷ್ಟೇ. ನಾಚಿಕೆಯಾಯಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಮನೆಯಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದವನು ನಾನೇ. ‘ದೂರ ಹೆಚ್ಚಿದಷ್ಟೂ ಒಳ್ಳೆಯದು’ ಎಂದು ತಿದ್ದಿದೆ.

ಬೆಂಗಳೂರಿನವರೊಬ್ಬರು ಅದನ್ನು ಓದಿಯೇ ಮರಿಯನ್ನು ಕೊಂಡರು. ಮರಿ ಬೆಳೆದ ಮೇಲೆ ಅಭ್ಯಾಸಕ್ಕೆಂದು ಓಡಿಸಿದ ಮೊದಲ ಎರಡು ಚಿಕ್ಕ ರೇಸುಗಳಲ್ಲಿ ಅದು ಹಿಂದೆ ಬಿತ್ತು. ಮ್ಯಾನೇಜರು ನನ್ನನ್ನು ಕೆಕ್ಕರಿಸಿ ನೋಡತೊಡಗಿದರು. ಹೆಚ್ಚು ದೂರದ ರೇಸಿನ ದಿನ ಸೈಸ್ ಮತ್ತು ನಾನು ನನ್ನ ಫೋನಿನ ಮೇಲೆ ಬಗ್ಗಿ ಕೂತೆವು. ಅರ್ಧ ದಾರಿಯವರೆಗೂ ಅದು ಕೊನೆಯಿಂದ ಮೂರನೆಯದು. ಆಮೇಲೆ ಮುಂದಿನವುಗಳೆಲ್ಲ ಸುಸ್ತಾದವು, ಇದಕ್ಕೆ ಸುಸ್ತೇ ಆಗಲಿಲ್ಲ. ಗೆದ್ದಾಗ ನನ್ನ ಕಣ್ಣಲ್ಲಿ ನೀರು ಬಂತು.

ನಾನು ನೇರ ಮ್ಯಾನೇಜರ ಹತ್ತಿರ ಓಡಿದೆ. ಕಳಿಸುವ ಕುದುರೆಗಳ ಪಟ್ಟಿಯಲ್ಲಿದ್ದ ತಾಯಿಯ ಹೆಸರನ್ನು ನನ್ನೆದುರೇ ಹೊಡೆದು ಹಾಕಿದರು. ಅದನ್ನು ಹೇಳಲು ಲಾಯಕ್ಕೆ ಬಂದರೆ ಸೈಸ್ ಆಗಲೇ ಅವಳ ಹಣೆ ಸವರುತ್ತಾ ನಿಂತಿದ್ದರು.

“ನಿನ್ ಮಗ್ಳು ನಿಮ್ಮವ್ವನ್ ಥರಾನೇ ಓಡುದ್ಲು ಕಣವ್ವಾ. ನಿಂಗೂ ಕಾಲ್ ನೆಟ್ಟಗಿದ್ದಿದ್ರೆ ಹಿಂಗೇ ಓಡ್ತಿದ್ದೆ ಬುಡು.”