ಆಳೆತ್ತರದ ರೈ

ಒಡಿಲೋನ್ ನಮ್ಮ ಊರಿನ ಕ್ಷೌರಿಕ. ಅವನ ಅಂಗಡಿಯಿಂದ ಕಾತ್ರ್ ಬ್ರಾ ಕೂಡುರಸ್ತೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ನೆಪೋಲಿಯನ್ನನ ಸೈನ್ಯ ಅಲ್ಲಿ ಇಂಗ್ಲಿಷರ ಮೇಲೆ ಬಿದ್ದ ಜೂನ್ ತಿಂಗಳ ಆ ಮಧ್ಯಾಹ್ನವನ್ನು ಅವನು ಊಟದ ಮೇಜಿನಷ್ಟು ದೊಡ್ಡ ಹಲಗೆಯ ಮೇಲೆ ಕಟ್ಟುತ್ತಿದ್ದ. ಬೆರಳಿನ ಒಂದು ಗೆಣ್ಣಿನಷ್ಟೆತ್ತರದ ಸೀಸದ ಸಿಪಾಯಿಗಳು, ಒಟ್ಟು ಆರುನೂರ ಹನ್ನೆರಡು. ಪ್ರತಿಯೊಬ್ಬನ ಅಂಗಿಯ ಗುಂಡಿಗೂ ಬಣ್ಣ. ಆರು ವರ್ಷ ಹಿಡಿಯಿತು.

ಪ್ರತಿ ಜೂನಿನಲ್ಲೂ ಊರಿನ ಸಭಾಂಗಣದಲ್ಲಿ ಇಂಥ ಹಲಗೆಗಳ ಪ್ರದರ್ಶನ ಇರುತ್ತದೆ. ನಿವೃತ್ತ ಇತಿಹಾಸದ ಮೇಷ್ಟ್ರು ಅಶಿಲ್ ಭೂತಗನ್ನಡಿ ಹಿಡಿದು ಬಂದು, ತಪ್ಪುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಒಡಿಲೋನನ ಹಿಂದಿನ ಸಣ್ಣ ಹಲಗೆಗಳಲ್ಲಿ ಒಮ್ಮೆ ಕುದುರೆಯ ಬಾಲ ಉದ್ದವಾಗಿತ್ತು, ಒಮ್ಮೆ ನಗಾರಿಯವನ ತೋಳಿನಲ್ಲಿ ಒಂದು ಪಟ್ಟಿ ಹೆಚ್ಚಾಗಿತ್ತು. ಈ ಸಲ ಮೇಷ್ಟ್ರ ಪುಟ ಖಾಲಿ ಉಳಿಯಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಮೇಷ್ಟ್ರು ಗಡ್ಡ ಹೆರೆಸಿಕೊಳ್ಳಲು ಬಂದು ಕೂತರು.

"ಮುಗೀತೇನಯ್ಯ ಯುದ್ಧ?"

"ಮುಗೀತು ಮೇಷ್ಟ್ರೇ. ಈ ಸಲ ಪೆನ್ಸಿಲ್ ಮನೇಲಿಟ್ಟು ಬನ್ನಿ."

"ಹೊಲದಲ್ಲಿ ಏನು ಬೆಳೆದಿದ್ದೀಯ?"

"ಹುಲ್ಲು."

"ಹುಲ್ಲಾ? ಅಯ್ಯೋ ಪೆದ್ದೇ, ಅದು ರೈ ಹೊಲ, ಗೋಧಿ ಥರದ ಬೆಳೆ! ಆಗಿನ ಕಾಲದಲ್ಲಿ ರೈ ಆಳೆತ್ತರ ಬೆಳೀತಿತ್ತು."

ಒಡಿಲೋನನ ಕೈ ನಿಂತಿತು. "ಗಂಟಲ ಹತ್ರ ಕತ್ತಿ ಇರೋವಾಗ ಇಂಥಾ ಮಾತು ಆಡಬಾರದು ಮೇಷ್ಟ್ರೇ."

ಅವರು ಹೋದ ಮೇಲೆ ಒಡಿಲೋನ್ ಬಾಗಿಲಲ್ಲಿ ನಿಂತು ಬೂಟು ಉಜ್ಜುತ್ತಿದ್ದವನು ತಟ್ಟನೆ ಬಗ್ಗಿ, ತೆಂಗಿನ ನಾರಿನ ಕಾಲೊರೆಸನ್ನು ಎತ್ತಿ ಮುತ್ತಿಟ್ಟ. ಮಾಗಿದ ರೈಯದೇ ಬಣ್ಣ, ಸಿಪಾಯಿಯದೇ ಎತ್ತರ! ಒಂದು ಸಾಲಲಿಲ್ಲ. ಸಂಜೆಯೊಳಗೆ ನಮ್ಮ ಬೀದಿಯ ಹನ್ನೊಂದು ಮನೆಗಳ ಕಾಲೊರೆಸು ಅವನ ಮನೆ ಸೇರಿದವು.

ಹೆಂಡತಿ ಮಾರ್ಸೆಲಿನ್ ಹಣೆ ಚಚ್ಚಿಕೊಂಡಳು. "ಆರು ವರ್ಷ ಗುಂಡಿಗೆ ಬಣ್ಣ ಹಚ್ಚಿ, ಈಗ ಕಾಲೊರೆಸಿನಲ್ಲಿ ಹೂಳ್ತೀಯಾ? ಯಾರಿಗೆ ಕಾಣುತ್ತೆ?"

"ಯಾರಿಗೂ ಕಾಣಲ್ಲ ಕಣೇ! ಅವತ್ತು ರೈಯೊಳಗೆ ಸಿಪಾಯಿಗಳಿಗೇ ಒಬ್ಬರಿಗೊಬ್ಬರು ಕಾಣಿಸಿರಲಿಲ್ಲ!" ಎಂದು ಅವಳನ್ನು ತಬ್ಬಿಕೊಂಡ. ಕೈಯ ಗೋಂದು ಅವಳ ಏಪ್ರನ್ನಿಗೆ ಹಿಡಿದುಕೊಂಡಿತು. ಕೊನೆಗೆ ಅಂಗಡಿಯ ಕತ್ತರಿಯಿಂದಲೇ ಬಿಡಿಸಬೇಕಾಯಿತು.

ಪ್ರದರ್ಶನದ ದಿನ ಮಳೆ. ಯಾರ ಮನೆಯಲ್ಲೂ ಕಾಲೊರೆಸಿಲ್ಲ, ಎಲ್ಲರ ಬೂಟಿನಲ್ಲೂ ಕೆಸರು. ಹಲಗೆಯ ಮೇಲೆ ಬರೀ ಹೊಲ. ಅಲ್ಲೊಂದು ಟೋಪಿಯ ಗರಿ, ಇಲ್ಲೊಂದು ಈಟಿಯ ತುದಿ.

"ಸೈನ್ಯ ಎಲ್ಲಪ್ಪಾ?" ಎಂದಳು ಬ್ರೆಡ್ ಅಂಗಡಿಯ ಜೆರ್ಮೇನ್.

ಮೇಷ್ಟ್ರು ಮಂಡಿಯೂರಿ ರೈಯೊಳಗೆ ಮೂಗು ತೂರಿಸಿದರು. ಕಾಲು ಗಂಟೆ ಕಳೆಯಿತು. ಒಡಿಲೋನ್ ಉಗುರು ಕಡಿಯುತ್ತಿದ್ದ. ಹೊಲದ ನಟ್ಟನಡುವೆ ಮೇಷ್ಟ್ರು ಪೆನ್ಸಿಲಿನಿಂದ ನಾರು ಸರಿಸಿದರು. ಅಲ್ಲಿ ಫ್ರೆಂಚ್ ಸಿಪಾಯಿಯೊಬ್ಬ ಷರಾಯಿ ಕೆಳಗಿಳಿಸಿ ನೆಮ್ಮದಿಯಾಗಿ ಕುಕ್ಕರುಗಾಲಲ್ಲಿ ಕೂತಿದ್ದ.

ಮೇಷ್ಟ್ರು ಭೂತಗನ್ನಡಿ ಹತ್ತಿರ ಹಿಡಿದರು. "ಇಳಿಸಿದ ಷರಾಯಿಗೂ... ಗುಂಡಿ... ಸರಿಯಾಗಿದೆ," ಎನ್ನುತ್ತಲೇ ಅವರ ಹೆಗಲು ಕುಲುಕತೊಡಗಿತು. ನಕ್ಕು ನಕ್ಕು ಏಳಲಾರದೆ ಹೋದರು. ಇಬ್ಬರು ಹಿಡಿದೆತ್ತಿದರು. ನೋಟುಬುಕ್ಕನ್ನು ಒಡಿಲೋನನ ಮುಂದೆ ತೆರೆದು ಹಿಡಿದರು. ಪುಟ ಖಾಲಿ.

ಒಡಿಲೋನ್ ಮಾರ್ಸೆಲಿನ್‌ಳ ಸೊಂಟ ಹಿಡಿದು ಕೆಸರು ನೆಲದಲ್ಲೇ ಕುಣಿದ.

"ಕುಣಿದಿದ್ದು ಸಾಕು, ನನ್ನ ಕಾಲೊರೆಸು ಯಾವಾಗ ಕೊಡ್ತೀಯೋ?" ಜೆರ್ಮೇನ್ ಕೂಗಿದಳು.

"ಹೇಗೆ ಕೊಡ್ಲಿ ಜೆರ್ಮೇನಕ್ಕಾ? ಅದರೊಳಗೆ ಯುದ್ಧ ನಡೀತಿದೆ!"